ಇಲ್ಲದ ತಂಡದ ಮುಂದಿನ ಸೀಸನ್

ಓದುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಅವರ ಮಗ ಅಮೆರಿಕದಲ್ಲಿ ಓದುತ್ತಿದ್ದಾನೆ. ಬಿಡುವು ಸಿಕ್ಕಾಗಲೆಲ್ಲ ಕಂಪ್ಯೂಟರಿನಲ್ಲಿ ಬೇಸ್‌ಬಾಲ್ ತಂಡವೊಂದನ್ನು ನಡೆಸುತ್ತಾನೆ. ತಂಡವೂ ಸುಳ್ಳು, ಆಟಗಾರರೂ ಸುಳ್ಳು, ಅವರು ಆಡುವ ಲೀಗೂ ಸುಳ್ಳು. ಆದರೆ ಸೀಸನ್ ಶುರುವಾಗುವ ಮುಂಚೆ ಅವನು ಗೆಳೆಯರಿಗೆ ಬರೆದು ಕಳಿಸುವ ಮುನ್ನೋಟ ಮಾತ್ರ ಪತ್ರಿಕೆಯ ಕ್ರೀಡಾಪುಟದಷ್ಟೇ ಗಂಭೀರ. ಕಳೆದ ಸಲ 92 ಗೆಲುವು ಎಂದು ಬರೆದಿದ್ದ, ತಂಡ 79ಕ್ಕೆ ನಿಂತಿತು. "ಒಬ್ಬೊಬ್ಬ ಆಟಗಾರನ ಸಾಮರ್ಥ್ಯವೂ ಕಂಪ್ಯೂಟರಿನೊಳಗೆ ಅಂಕಿಯಾಗಿ ಕೂತಿರುತ್ತದಂತೆ. ಹಾಗಿದ್ದ ಮೇಲೆ ಲೆಕ್ಕ ಹೇಗೆ ತಪ್ಪುತ್ತದೆ?" ಎಂಬುದು ಅವರ ಪ್ರಶ್ನೆ.

ನಿಜದ ಮೈದಾನದಲ್ಲಿ ಭವಿಷ್ಯ ತಪ್ಪಿದರೆ ನೆಪಗಳಿಗೆ ಬರವಿಲ್ಲ. ಕೋಚ್ ಜೊತೆ ಜಗಳ, ಗಾಳಿ, ಅಂಪೈರು, ಮನಸ್ಸು ಸರಿಯಿಲ್ಲದ ಪಿಚರ್ (ಚೆಂಡೆಸೆಯುವವ). ಕಂಪ್ಯೂಟರ್ ಲೀಗಿನಲ್ಲಿ ಈ ನೆಪಗಳೆಲ್ಲ ಕಳಚಿಬೀಳುತ್ತವೆ. ಆಮೇಲೂ ಏನೋ ಉಳಿಯುತ್ತದಲ್ಲ, ನನಗೆ ಅದರ ಮೇಲೇ ಕುತೂಹಲ.

ಶಾಲೆಯ ಕೊನೇ ಬೆಂಚಿನಲ್ಲಿ ಬುಕ್ ಕ್ರಿಕೆಟ್ ಆಡಿದವರಿಗೆ ಅರ್ಧ ಉತ್ತರ ಆಗಲೇ ಗೊತ್ತಿದೆ. ಸಮಾಜ ಪುಸ್ತಕವನ್ನು ಫಟ್ ಎಂದು ತೆರೆಯುವುದು, ಎಡಗಡೆ ಪುಟಸಂಖ್ಯೆಯ ಕೊನೆಯ ಅಂಕಿ ನೋಡುವುದು. 2, 4, 6 ಬಂದರೆ ಅಷ್ಟು ರನ್. 0 ಬಂದರೆ ಔಟ್. 8 ಬಂದರೆ ಒಂದು ರನ್ನೋ ನೋ-ಬಾಲೋ ಎಂಬುದು ಶಾಲೆಯಿಂದ ಶಾಲೆಗೆ ಬೇರೆ. ಪ್ರತಿ ಸಲವೂ ಔಟಾಗುವ ಸಂಭವ ಐದರಲ್ಲಿ ಒಂದು. (46ನೇ ಪುಟಕ್ಕೆ ಹೆಬ್ಬೆರಳನ್ನು ಪಳಗಿಸಿಕೊಂಡವರ ಮಾತು ಬೇರೆ.) ಈ ಆಟದಲ್ಲಿ ತೆಂಡೂಲ್ಕರಿಗೂ ಹನ್ನೊಂದನೇ ಕ್ರಮಾಂಕದ ಬೌಲರನಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆದರೂ ಒಂದು ಮಧ್ಯಾಹ್ನ ಒಬ್ಬ ಸೊನ್ನೆಗೆ ಔಟಾಗುತ್ತಾನೆ, ಇನ್ನೊಬ್ಬ ಹತ್ತು ಸಲ ಪುಟ ತೆರೆದರೂ ಔಟಾಗುವುದಿಲ್ಲ. ಲೆಕ್ಕ ಹಾಕಿದರೆ ಮೊದಲನೆಯದು ಐದು ಇನಿಂಗ್ಸಿಗೆ ಒಮ್ಮೆ, ಎರಡನೆಯದು ಸುಮಾರು ಒಂಬತ್ತಕ್ಕೆ ಒಮ್ಮೆ ಆಗಲೇಬೇಕು. ಆ ಹತ್ತರ ವೀರನಿಗೆ "ಇವತ್ತು ಫಾರ್ಮಲ್ಲಿದ್ದಾನೆ" ಎಂದು ನಾವೇ ಬಿರುದು ಕೊಟ್ಟಿದ್ದೆವು.

ಇದೇ ಆಟದಲ್ಲಿ ತೆಂಡೂಲ್ಕರಿಗೆ ಒಂದು ಪುಸ್ತಕ, ಬೌಲರನಿಗೆ ಸೊನ್ನೆಗಳೇ ಹೆಚ್ಚಿರುವ ಇನ್ನೊಂದು ಪುಸ್ತಕ ಕೊಟ್ಟರೆ? ಅಮೆರಿಕದಲ್ಲಿ ಇದನ್ನೇ ಕಾರ್ಡು ಮತ್ತು ದಾಳಗಳಲ್ಲಿ ಮಾಡಿದರು. 1951ರಲ್ಲಿ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರಿನಿಂದ ರಿಚರ್ಡ್ ಸೈಟ್ಜ್ ಎಂಬಾತ 'ಎಪಿಬಿಎ' ಎಂಬ ಆಟವನ್ನು ಅಂಚೆಯಲ್ಲಿ ಮಾರತೊಡಗಿದ. ಹತ್ತು ವರ್ಷದ ನಂತರ ಹಾಲ್ ರಿಚ್‌ಮನ್ 'ಸ್ಟ್ರ್ಯಾಟ್-ಓ-ಮ್ಯಾಟಿಕ್' ತಂದ. ಅದರ ಮೊದಲ ರೂಪವನ್ನು ನ್ಯೂಯಾರ್ಕ್ ಬಳಿಯ ಗ್ರೇಟ್ ನೆಕ್‌ನಲ್ಲಿ ಹನ್ನೊಂದರ ಹುಡುಗನಾಗಿದ್ದಾಗಲೇ ಕಟ್ಟಿದ್ದ.

ರಿಚ್‌ಮನ್ನನ ಜಾಣತನ ನೋಡಿ. ಅಲ್ಲಿ ಮೂರು ದಾಳ. ಒಂದರಲ್ಲಿ 1, 2, 3 ಬಿದ್ದರೆ ಬ್ಯಾಟರನ ಕಾರ್ಡು, 4, 5, 6 ಬಿದ್ದರೆ ಪಿಚರನ ಕಾರ್ಡು ನೋಡಬೇಕು. ಉಳಿದ ಎರಡು ದಾಳಗಳ ಮೊತ್ತ ಆ ಕಾರ್ಡಿನಲ್ಲಿ ಯಾವ ಸಾಲು ಎಂದು ಹೇಳುತ್ತದೆ. ಮೊತ್ತ 7 ಬರುವ ದಾರಿ ಮೂವತ್ತಾರರಲ್ಲಿ ಆರು, 12 ಬರುವ ದಾರಿ ಒಂದೇ. ಆದ್ದರಿಂದ ಕಾರ್ಡಿನಲ್ಲಿ 'ಹೋಮ್ ರನ್' ಎಂದು 7ರ ಎದುರು ಬರೆದರೆ ಅವನು ದೈತ್ಯ, 12ರ ಎದುರು ಬರೆದರೆ ಬಡಪಾಯಿ. ಆಟಗಾರನ ಇಡೀ ವರ್ಷ ಒಂದು ಕಾರ್ಡಿನ ಮೇಲೆ, ಮುಚ್ಚುಮರೆಯಿಲ್ಲದೆ. ಕಂಪ್ಯೂಟರುಗಳು ಈ ಕೆಲಸಕ್ಕೆ ಇಳಿದದ್ದೂ ಅದೇ ಹೊತ್ತಿಗೆ: 1961ರಲ್ಲಿ ಐಬಿಎಂ ಉದ್ಯೋಗಿ ಜಾನ್ ಬರ್ಜಸನ್ ಐಬಿಎಂ 1620 ಯಂತ್ರಕ್ಕೆ ಬೇಸ್‌ಬಾಲ್ ಆಡಿಸಿದ. ನಮ್ಮ ಓದುಗರ ಮಗ ಆಡುವ 'ಔಟ್ ಆಫ್ ದಿ ಪಾರ್ಕ್' ಈ ವಂಶದ್ದೇ ಕುಡಿ. ಅದನ್ನು ಬರೆದ ಮಾರ್ಕಸ್ ಹೈನ್‌ಸೋನ್ ಬೇಸ್‌ಬಾಲ್‌ಗೆ ಹೆಸರಾಗದ ಜರ್ಮನಿಯವನು.

ಇಲ್ಲದ ಲೀಗಿನ ಬಗ್ಗೆ ಇಷ್ಟು ತಲೆಕೆಡಿಸಿಕೊಂಡವರಲ್ಲಿ ದೊಡ್ಡ ಹೆಸರುಗಳೂ ಇವೆ. ಕಾದಂಬರಿಕಾರ ಜ್ಯಾಕ್ ಕೆರುವಾಕ್ ಹುಡುಗನಾಗಿದ್ದಾಗ ಕಾರುಗಳ ಹೆಸರಿಟ್ಟ ತಂಡಗಳನ್ನು ಕಲ್ಪಿಸಿಕೊಂಡು, ಅವುಗಳ ಸುದ್ದಿಯನ್ನು ತಾನೇ ವರದಿ ಮಾಡುತ್ತಿದ್ದ. ದೊಡ್ಡವನಾದ ಮೇಲೂ ಬಿಡಲಿಲ್ಲ. ರಾಬರ್ಟ್ ಕೂವರ್ 1968ರಲ್ಲಿ ಬರೆದ ಕಾದಂಬರಿಯ ನಾಯಕ ಹೆನ್ರಿ ವಾ ಒಬ್ಬ ಲೆಕ್ಕಿಗ. ಮನೆಯಲ್ಲಿ ದಾಳದ ಲೀಗ್ ನಡೆಸುತ್ತಾನೆ. ಅವನ ಅಚ್ಚುಮೆಚ್ಚಿನ ತರುಣ ಪಿಚರ್ ದಾಳದ ಒಂದು ಅಪರೂಪದ ಉರುಳಿಗೆ ಸತ್ತೇಹೋಗುತ್ತಾನೆ. ಲೀಗನ್ನು ಸೃಷ್ಟಿಸಿದವನಿಗೂ ಅದನ್ನು ತಡೆಯಲಾಗುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಗಾಯ, ವಯಸ್ಸು, ಪ್ರತಿಭೆ ಹುಡುಕುವ ಸ್ಕೌಟುಗಳ ತಪ್ಪು ಅಂದಾಜು ಎಲ್ಲವನ್ನೂ ಬದಿಗಿಟ್ಟು, ತಂಡದ ಕಸುವು ನಮಗೆ ಕರಾರುವಾಕ್ಕಾಗಿ ಗೊತ್ತಿದೆ ಎಂದೇ ಇಟ್ಟುಕೊಳ್ಳಿ: ಪ್ರತಿ ಪಂದ್ಯ ಗೆಲ್ಲುವ ಸಂಭವ ಸರಿಯಾಗಿ ಅರ್ಧ. ಅಮೆರಿಕದ ಮೇಜರ್ ಲೀಗ್ ಮಾದರಿಯಲ್ಲಿ ಸೀಸನ್ನಿಗೆ 162 ಪಂದ್ಯ. ನಿರೀಕ್ಷೆ 81 ಗೆಲುವು. ಹತ್ತನೇ ತರಗತಿಯಲ್ಲಿ ಬೈದುಕೊಂಡು ಕಲಿತ ಮಾನಕ ವಿಚಲನೆ ಇಲ್ಲಿ ಕೆಲಸಕ್ಕೆ ಬರುತ್ತದೆ: 162ರ ಕಾಲುಭಾಗದ ವರ್ಗಮೂಲ, ಅಂದರೆ ಸುಮಾರು 6.4. ಹಾಗಾಗಿ ಈ ತಂಡ ಮೂರರಲ್ಲಿ ಎರಡು ಸೀಸನ್ ಹೆಚ್ಚುಕಡಿಮೆ 75ರಿಂದ 87ರ ನಡುವೆ ಗೆಲ್ಲುತ್ತದೆ, ಮೂರನೆಯದರಲ್ಲಿ ಅದರಾಚೆ ಎಲ್ಲೋ ಬೀಳುತ್ತದೆ. ಎಂಥ ಜಾಣ ತಂತ್ರಾಂಶ ತಂದರೂ ಈ ಅಗಲ ಕಡಿಮೆಯಾಗದು. ಇದು ನಮ್ಮ ಅಜ್ಞಾನದ ಅಳತೆಯಲ್ಲ, ದಾಳದ ಸ್ವಭಾವ.

ಇನ್ನೂ ಮೋಜಿನ ಸಂಗತಿ ಇದೆ. ಮೂವತ್ತು ತಂಡಗಳ ಕಸುವನ್ನೂ ಒಂದೇ ಸಮ ಮಾಡಿ ಲೀಗ್ ಆಡಿಸಿದರೆ ಮೇಲಿನ ತಂಡ ಸಾಮಾನ್ಯವಾಗಿ 94ರ ಆಸುಪಾಸು ಗೆಲ್ಲುತ್ತದೆ, ಕೆಳಗಿನದು 68ರ ಹತ್ತಿರ. ಮರುವರ್ಷದ ಮುನ್ನೋಟದಲ್ಲಿ 94ರ ತಂಡದ ನಾಯಕತ್ವದ ಬಗ್ಗೆ ಎರಡು ಪ್ಯಾರಾ, 68ರ ತಂಡದ ಮ್ಯಾನೇಜರನ ವಜಾಕ್ಕೆ ಒಂದು ಪ್ಯಾರಾ ಗ್ಯಾರಂಟಿ.

ನಿಜದ ಲೀಗಿನಲ್ಲಿ 2024ರ ಸೀಸನ್ನನ್ನು ಮತ್ತೊಮ್ಮೆ ಆಡಿಸಿ ನೋಡಲಾಗದು. ಸುಳ್ಳು ಲೀಗಿನಲ್ಲಿ ಸಾವಿರ ಸಲ ಆಡಿಸಬಹುದು. ಈ ಉಪಾಯ ಹೊಳೆದದ್ದು 1946ರಲ್ಲಿ ಗಣಿತಜ್ಞ ಸ್ಟಾನಿಸ್ಲಾವ್ ಉಲಾಂಗೆ. ಮಿದುಳಿನ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತ ಒಬ್ಬನೇ ಇಸ್ಪೀಟು ಆಡುತ್ತಿದ್ದ ಆತ, ಆಟ ಗೆಲ್ಲುವ ಸಂಭವ ಎಷ್ಟು ಎಂದು ಸೂತ್ರ ಹುಡುಕಹೋಗಿ ಸೋತ. ನೂರು ಸಲ ಎಲೆ ಹಾಕಿ ಗೆದ್ದದ್ದನ್ನು ಎಣಿಸಿದರೆ ಸಾಕಲ್ಲ? ಇನ್ನೊಬ್ಬ ಗಣಿತಜ್ಞ ಜಾನ್ ವಾನ್ ನಾಯ್ಮನ್ ಇದನ್ನು ಅಣುಬಾಂಬಿನೊಳಗಿನ ನ್ಯೂಟ್ರಾನುಗಳ ಓಡಾಟದ ಲೆಕ್ಕಕ್ಕೆ ಒಗ್ಗಿಸಿದ, 1948ರಲ್ಲಿ ಎನಿಯಾಕ್ ಯಂತ್ರದ ಮೇಲೆ ಅದು ಓಡಿತು. ಜೂಜಿನ ಊರಿನ ಹೆಸರಿನಿಂದ 'ಮಾಂಟೆ ಕಾರ್ಲೊ ವಿಧಾನ' ಎಂದು ಕರೆದವನು ಸಹೋದ್ಯೋಗಿ ನಿಕ್ ಮೆಟ್ರೊಪೊಲಿಸ್. ಉಲಾಂನ ಚಿಕ್ಕಪ್ಪನೊಬ್ಬ ನೆಂಟರಿಂದ ಸಾಲ ಪಡೆದು ಅಲ್ಲಿಗೆ ಓಡುತ್ತಿದ್ದನಂತೆ. ಬಾಂಬು ಮಾಡುವವರ ಗಣಿತವೇ ಇವತ್ತು ಇಲ್ಲದ ಪಿಚರನ ಭವಿಷ್ಯ ನೋಡುತ್ತಿದೆ.

ಹಾಗಾದರೆ ಮುನ್ನೋಟ ಬರೆಯುವುದೇ ದಂಡವೇ? ಅಲ್ಲ. ಎಲ್ಲಿ ನೋಡಬೇಕು ಎಂಬುದು ಮುಖ್ಯ. ಕಳೆದ ವರ್ಷದ ಗೆಲುವಿನ ಸಂಖ್ಯೆಗಿಂತ ರನ್ನುಗಳ ಲೆಕ್ಕ ಹೆಚ್ಚು ನಂಬಿಕಸ್ಥ. ಕ್ಯಾನ್ಸಸ್‌ನ ಬೀನ್ಸ್‌ಕಾಳು-ಹಂದಿಮಾಂಸದ ಡಬ್ಬಿ ಕಾರ್ಖಾನೆಯೊಂದರಲ್ಲಿ ರಾತ್ರಿ ಕಾವಲುಗಾರನಾಗಿದ್ದ ಬಿಲ್ ಜೇಮ್ಸ್ ಒಂದು ಸರಳ ಸೂತ್ರ ಕೊಟ್ಟ: ಹೊಡೆದ ರನ್ನುಗಳ ವರ್ಗವನ್ನು, ಹೊಡೆದ ಮತ್ತು ಬಿಟ್ಟುಕೊಟ್ಟ ರನ್ನುಗಳ ವರ್ಗಗಳ ಮೊತ್ತದಿಂದ ಭಾಗಿಸಿ. 800 ಹೊಡೆದು 700 ಬಿಟ್ಟ ತಂಡಕ್ಕೆ 0.566, ಅಂದರೆ 162ಕ್ಕೆ 92 ಗೆಲುವು. ಆ ತಂಡ ನಿಜವಾಗಿ 98 ಗೆದ್ದಿದ್ದರೆ, ಆ ಆರು ಗೆಲುವುಗಳು ಬರುವ ವರ್ಷಕ್ಕೂ ಬರುತ್ತವೆಂದು ಲೆಕ್ಕದಲ್ಲಿ ಬರೆದುಕೊಳ್ಳಬೇಡಿ.

ಆಟಗಾರರ ವಿಷಯವೂ ಅಷ್ಟೇ. 500 ಸಲ ಬ್ಯಾಟ್ ಮಾಡಿ 140 ಹಿಟ್ ಬಾರಿಸುವ ಕಸುವಿನವನಿಗೆ ದಾಳದ ಏರಿಳಿತವೇ ಹತ್ತು ಹಿಟ್. ಅದೃಷ್ಟ ಕೂಡಿದ ವರ್ಷ ಅವನದು 150, ಸರಾಸರಿ 0.300, ಸಂಬಳ ದುಪ್ಪಟ್ಟು. ಇಪ್ಪತ್ತಾರು ವಾರಗಳ ಸೀಸನ್ನಿನಲ್ಲಿ ಆ ಹತ್ತು ಹಿಟ್ ಯಾರ ಕಣ್ಣಿಗೂ ಕಾಣುವುದಿಲ್ಲ. ಇದನ್ನರಿತ ಬೇಸ್‌ಬಾಲ್ ಅಂಕಿಅಂಶ ತಜ್ಞ ಟಾಮ್ ಟ್ಯಾಂಗೊ 'ಮಾರ್ಸೆಲ್' ಎಂಬ ಅಂದಾಜು ವಿಧಾನ ಮಾಡಿ, ಕೋತಿಯೂ ಹಾಕಬಲ್ಲ ಲೆಕ್ಕವೆಂದು ಅದಕ್ಕೆ ಟಿವಿಯ ಕೋತಿಯೊಂದರ ಹೆಸರಿಟ್ಟ. ಕಳೆದ ಮೂರು ವರ್ಷಕ್ಕೆ 5, 4, 3 ಎಂದು ತೂಕ ಕೊಟ್ಟು, ಎಲ್ಲರನ್ನೂ ಲೀಗಿನ ಸರಾಸರಿಯ ಕಡೆಗೆ ಸ್ವಲ್ಪ ಎಳೆದು, ವಯಸ್ಸಿಗೆ ಒಂದಿಷ್ಟು ಕೂಡಿಸಿ ಕಳೆಯುವುದು, ಅಷ್ಟೇ. ಭಾರೀ ತಂತ್ರಾಂಶಗಳು ಈ ಕೋತಿಯನ್ನು ಹಿಂದೆ ಹಾಕುವುದು ಕೂದಲೆಳೆಯಲ್ಲಿ. 'ಎಐ ಹೇಳಿದ ಚಾಂಪಿಯನ್' ಎಂಬ ಶೀರ್ಷಿಕೆಗಳಲ್ಲಿ ದಶಮಾಂಶ ಬಿಂದುವಿನ ಆಚೆ ಎಷ್ಟು ಅಂಕಿ ಇದ್ದರೆ ನನಗೆ ಅಷ್ಟು ಅನುಮಾನ.

ಪಂದ್ಯಗಳು ಕಡಿಮೆಯಾದಷ್ಟೂ ದಾಳದ ಕೈ ಮೇಲು. ಕೋವಿಡ್‌ನಿಂದಾಗಿ 2020ರಲ್ಲಿ ಪ್ರತಿ ತಂಡಕ್ಕೂ ಬರೀ 60 ಪಂದ್ಯ ನಿಗದಿಯಾದವು. ಶೇಕಡಾವಾರು ಲೆಕ್ಕದಲ್ಲಿ ಏರಿಳಿತ 3.9ರಿಂದ 6.5ಕ್ಕೆ ಏರಿತು. ಪ್ಲೇಆಫ್ ಇನ್ನೂ ಕಷ್ಟ. ಎದುರಾಳಿಯ ಮೇಲೆ ಶೇ 55 ಗೆಲ್ಲುವ ತಂಡ ಕೂಡ ಏಳು ಪಂದ್ಯಗಳ ಸರಣಿಯನ್ನು ಗೆಲ್ಲುವ ಸಂಭವ ಶೇ 61 ಮಾತ್ರ. ಅಮೆರಿಕದ ಲೀಗಿನಲ್ಲಿ ಒಂದೇ ಸೀಸನ್ನಿಗೆ ಅತಿ ಹೆಚ್ಚು, 116 ಪಂದ್ಯ ಗೆದ್ದ ತಂಡಗಳು ಎರಡು: 1906ರ ಶಿಕಾಗೊ ಕಬ್ಸ್, 2001ರ ಸಿಯಾಟಲ್ ಮ್ಯಾರಿನರ್ಸ್. ಕಬ್ಸ್ ವರ್ಲ್ಡ್ ಸೀರೀಸ್ ಎಂಬ ಅಂತಿಮ ಸರಣಿಯಲ್ಲಿ ತಮ್ಮದೇ ಊರಿನ ವೈಟ್ ಸಾಕ್ಸ್‌ಗೆ ಸೋತರು. ಮ್ಯಾರಿನರ್ಸ್ ಅಲ್ಲಿಯವರೆಗೂ ತಲುಪಲಿಲ್ಲ.