ಸೈಕ್ಸ್ ಎಂಬ ಹೆಸರಿನ ಬೆನ್ನು ಹತ್ತಿ

1990ರ ದಶಕದ ಕೊನೆಯ ಭಾಗ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ತಳಿವಿಜ್ಞಾನಿ ಬ್ರಯಾನ್ ಸೈಕ್ಸ್ ಅವರಿಗೆ ಗ್ಲಾಕ್ಸೊ ವೆಲ್‌ಕಮ್ ಎಂಬ ದೊಡ್ಡ ಔಷಧ ಕಂಪನಿಯಿಂದ ಉಪನ್ಯಾಸಕ್ಕೆ ಕರೆ ಬಂತು. ಆ ಕಂಪನಿಯ ಅಧ್ಯಕ್ಷರ ಹೆಸರು ಸರ್ ರಿಚರ್ಡ್ ಸೈಕ್ಸ್. ನೀವಿಬ್ಬರೂ ನೆಂಟರೇ ಎಂಬ ಪ್ರಶ್ನೆ ಏಳದಿರಲು ಹೇಗೆ ಸಾಧ್ಯ? ಇಲ್ಲ ಎಂಬುದೇ ಬ್ರಯಾನ್ ಅವರ ಉತ್ತರವಾಗಿತ್ತು. ಅವರು ಹುಟ್ಟಿದ್ದು ಲಂಡನ್ನಿನಲ್ಲಿ, ರಿಚರ್ಡ್ ಉತ್ತರದ ಯಾರ್ಕ್‌ಶೈರಿನವರು. ಎರಡೂ ಮನೆಗಳ ನಡುವೆ ಬಳಕೆಯಾಗಲಿ ಬಾಂಧವ್ಯವಾಗಲಿ ಇದ್ದದ್ದು ಯಾರಿಗೂ ಗೊತ್ತಿರಲಿಲ್ಲ.

ಆದರೆ ಪ್ರಶ್ನೆ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಹಳೆಯ ಮೂಳೆಗಳಿಂದ ಡಿಎನ್‌ಎ ತೆಗೆದ ಮೊದಲಿಗರಲ್ಲಿ ಬ್ರಯಾನ್ ಒಬ್ಬರು. ಆಲ್ಪ್ಸ್ ಪರ್ವತದ ಹಿಮದಲ್ಲಿ 1991ರಲ್ಲಿ ಸಿಕ್ಕಿದ, ಐದು ಸಾವಿರ ವರ್ಷಕ್ಕೂ ಹಿಂದಿನ ಮನುಷ್ಯನ ದೇಹವನ್ನು ಪರೀಕ್ಷಿಸಿದವರಲ್ಲಿ ಅವರೂ ಇದ್ದರು. ಆ ಕೆಲಸವೆಲ್ಲ ನಡೆದದ್ದು ತಾಯಿಯಿಂದ ಮಕ್ಕಳಿಗೆ ಇಳಿಯುವ ಮೈಟೊಕಾಂಡ್ರಿಯದ ಡಿಎನ್‌ಎಯನ್ನು ಹಿಡಿದು. ವರ್ಷಗಟ್ಟಲೆ ತಾಯಂದಿರ ಜಾಡಿನಲ್ಲೇ ನಡೆದವರಿಗೆ ಈಗ ತಂದೆಯ ಕಡೆಯ ದಾರಿ ಕಣ್ಣಿಗೆ ಬಿತ್ತು. ಇಂಗ್ಲೆಂಡಿನಲ್ಲಿ ಮನೆತನದ ಹೆಸರು ಅಪ್ಪನಿಂದ ಮಗನಿಗೆ ಬರುತ್ತದೆ, ವೈ ವರ್ಣತಂತುವೂ ಹಾಗೆಯೇ. ಹೆಸರು ಚರ್ಚಿನ ದಾಖಲೆಯಲ್ಲಿ ಉಳಿದರೆ ವರ್ಣತಂತು ಮೈಯೊಳಗೆ ಉಳಿಯುತ್ತದೆ. ಎರಡೂ ಜೊತೆಯಾಗಿ ಸಾಗಿ ಬಂದಿದ್ದರೆ?

ಬ್ರಯಾನ್ ಒಂದು ಸಣ್ಣ ಬ್ರಷ್ಷನ್ನು ರಿಚರ್ಡ್ ಅವರ ಕೈಗೆ ದಾಟಿಸಿದರು. ಕೆನ್ನೆಯ ಒಳಭಾಗಕ್ಕೆ ಅದನ್ನು ತುಸು ಉಜ್ಜಿದರೆ ಜೀವಕೋಶಗಳು ಬ್ರಷ್ಷಿನ ಕೂದಲಿಗೆ ಅಂಟಿಕೊಳ್ಳುತ್ತವೆ, ಸೂಜಿಯಿಲ್ಲ, ನೋವಿಲ್ಲ. ಪ್ರಯೋಗಾಲಯದಲ್ಲಿ ಇಬ್ಬರ ವೈ ವರ್ಣತಂತುವಿನ ಗುರುತುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಅವು ಒಂದಕ್ಕೊಂದು ತಾಳೆಯಾದವು.

ಖುಷಿಪಡುವ ಸುದ್ದಿಯೇನೋ ಹೌದು, ನಂಬುವಂಥದ್ದಾಗಿರಲಿಲ್ಲ. ಇಬ್ಬರಲ್ಲಿ ಕಂಡದ್ದು ಕಾಕತಾಳೀಯ ಇರಬಹುದಿತ್ತು. ಆ ಗುರುತು ಇಂಗ್ಲೆಂಡಿನ ಗಂಡಸರಲ್ಲಿ ಎಲ್ಲೆಂದರಲ್ಲಿ ಸಿಗುವಂಥದ್ದಾಗಿದ್ದರೆ ಹೋಲಿಕೆಗೆ ಕವಡೆ ಕಿಮ್ಮತ್ತಿಲ್ಲ. ಅದಕ್ಕಿಂತ ದೊಡ್ಡ ಅಡ್ಡಿ ಹೆಸರಿನೊಳಗೇ ಇತ್ತು.

ಯಾರ್ಕ್‌ಶೈರಿನ ಆಡುಮಾತಿನಲ್ಲಿ ಸೈಕ್ ಎಂದರೆ ಬೆಟ್ಟದ ಬಯಲಿನಿಂದ ಜಿನುಗಿ ಹರಿಯುವ ಸಣ್ಣ ಹಳ್ಳ. ಹಾರಿ ದಾಟಬಹುದಾದಷ್ಟೇ ಅಗಲ. ಎರಡು ಹೊಲಗಳ ನಡುವೆ ಎಲ್ಲೆಯಾಗಿಯೂ ಅದನ್ನು ಹಿಡಿಯುತ್ತಿದ್ದರು. ಇಂಗ್ಲೆಂಡಿನಲ್ಲಿ ಮನೆತನದ ಹೆಸರುಗಳು ಗಟ್ಟಿಗೊಳ್ಳುತ್ತಿದ್ದ 13 ಮತ್ತು 14ನೇ ಶತಮಾನದಲ್ಲಿ ಇಂಥ ಹಳ್ಳದ ಪಕ್ಕ ವಾಸಿಸುವವನು ಸೈಕ್ಸ್ ಆದ. ಅಂಥ ಹಳ್ಳಗಳು ಅಲ್ಲಿ ಲೆಕ್ಕವಿಲ್ಲದಷ್ಟು. ಧಾರವಾಡ, ಬೆಳಗಾವಿ ಸೀಮೆಯಲ್ಲಿ ‘ಹಳ್ಳದ’ ಎಂಬ ಅಡ್ಡಹೆಸರಿನವರೆಲ್ಲ ಒಂದೇ ಮನೆತನದವರೆಂದು ಯಾರೂ ಹೇಳುವುದಿಲ್ಲ. ಹಳ್ಳದ ದಂಡೆಗೆ ಮನೆ ಕಟ್ಟಿಕೊಂಡವರು ಊರೂರಲ್ಲೂ ಇದ್ದರು. ಸೈಕ್ಸ್ ಬಗ್ಗೆಯೂ ಲಿಖಿತ ಆಧಾರಗಳು ಸೂಚಿಸುತ್ತಿದ್ದುದು ಇದನ್ನೇ: ಹಲವು ಹಳ್ಳ, ಹಲವು ಮೂಲಪುರುಷರು.

ಹೆಸರುಗಳ ವಿಷಯದಲ್ಲಿ ಇಷ್ಟು ಸುಲಭವಾಗಿ ತೀರ್ಪು ಕೊಡಬಾರದೆಂದು ವಾದಿಸುತ್ತಿದ್ದವರೂ ಇದ್ದರು. ಹಡರ್ಸ್‌ಫೀಲ್ಡ್ ಕಡೆಯ ಇತಿಹಾಸಕಾರ ಜಾರ್ಜ್ ರೆಡ್ಮಂಡ್ಸ್ 1973ರಲ್ಲೇ ಪಶ್ಚಿಮ ಯಾರ್ಕ್‌ಶೈರಿನ ಅಡ್ಡಹೆಸರುಗಳ ಮೇಲೆ ದೊಡ್ಡ ಗ್ರಂಥ ಪ್ರಕಟಿಸಿದ್ದರು. ಪದಕೋಶ ನೋಡಿ ಹೆಸರಿನ ಅರ್ಥ ಹೇಳಿದರೆ ಸಾಲದು, ಪ್ರತಿ ಮನೆತನವನ್ನೂ ಊರಿನಿಂದ ಊರಿಗೆ, ಕಾಗದದಿಂದ ಕಾಗದಕ್ಕೆ ಹಿಂಬಾಲಿಸಬೇಕು ಎಂಬುದು ಅವರ ಹಟ. ಆ ನಾಡಿನಲ್ಲಿ ಅದಕ್ಕೆ ಸಾಮಗ್ರಿಯೂ ಇತ್ತು. ವೇಕ್‌ಫೀಲ್ಡ್ ಜಹಗೀರಿನ ನ್ಯಾಯಸಭೆಯ ಸುರುಳಿಗಳು 1274ರಿಂದ ಉಳಿದುಬಂದಿವೆ. ಲ್ಯಾಟಿನ್ನಿನಲ್ಲಿ ಚರ್ಮದ ಹಾಳೆಗಳ ಮೇಲೆ ಬರೆದ ಆ ದಾಖಲೆಗಳಲ್ಲಿ ಜಮೀನಿನ ವ್ಯಾಜ್ಯ, ಸಾಲ, ಜಗಳ, ದಂಡ ಎಲ್ಲವೂ ಉಂಟು; ದಂಡ ತೆತ್ತ ಸಾಮಾನ್ಯ ರೈತನ ಹೆಸರೂ ಉಂಟು. ಏಳು ನೂರು ವರ್ಷದ ಹಿಂದಿನ ಬಡವನ ಹೆಸರು ಉಳಿದಿರುವುದು ಸಣ್ಣ ಮಾತಲ್ಲ. ಆದರೆ ಸುರುಳಿ ಎಷ್ಟೇ ಹಳೆಯದಿರಲಿ, ಅದರಲ್ಲಿರುವ ಇಬ್ಬರು ಸೈಕ್ಸ್‌ಗಳು ಅಣ್ಣತಮ್ಮಂದಿರೋ ಅಪರಿಚಿತರೋ ಎಂಬುದನ್ನು ಎಲ್ಲ ಸಲವೂ ಹೇಳುವುದಿಲ್ಲ.

ಬ್ರಯಾನ್ ಕಾಗದವನ್ನು ಬಿಟ್ಟು ಅಂಚೆಯ ಮೊರೆಹೋದರು. ಯಾರ್ಕ್‌ಶೈರ್ ಮತ್ತು ನೆರೆಯ ಲ್ಯಾಂಕಾಶೈರ್, ಚೆಷೈರ್‌ಗಳಿಂದ ಸೈಕ್ಸ್ ಹೆಸರಿನ ಗಂಡಸರನ್ನು ಯಾದೃಚ್ಛಿಕವಾಗಿ ಆರಿಸಿ, ಇನ್ನೂರಕ್ಕೂ ಹೆಚ್ಚು ಮಂದಿಗೆ ಪತ್ರ ಹಾಕಿದರು. ಬೇಕೆಂದೇ ಹೀಗೆ ಆರಿಸಿದ್ದು. ನೆಂಟರನ್ನೇ ಹುಡುಕಿ ತಂದರೆ ಫಲಿತಾಂಶ ಮೊದಲೇ ನಿಶ್ಚಯವಾದಂತೆ. ಅಪರಿಚಿತನೊಬ್ಬ ಕೆನ್ನೆಯ ಜೀವಕೋಶ ಕಳಿಸಿ ಎಂದು ಕೇಳಿದರೆ ಎಷ್ಟು ಜನ ಒಪ್ಪಿಯಾರು? ಬಹುಪಾಲು ಪತ್ರಗಳಿಗೆ ಉತ್ತರ ಬರಲಿಲ್ಲ. ಬಂದ ಮಾದರಿಗಳಲ್ಲಿ ಕೊನೆಗೆ ಪರೀಕ್ಷೆಗೆ ನಿಂತವು 48. ಒಂದು ಮನೆತನದ ಏಳು ಶತಮಾನವನ್ನು ತೂಗಲು ಅಷ್ಟೇ ಸರಕು.

ಕ್ಯಾಥರೀನ್ ಇರ್ವೆನ್ ಈ ಕೆಲಸದಲ್ಲಿ ಅವರ ಜೊತೆಗಿದ್ದರು. ವೈ ವರ್ಣತಂತುವಿನ ನಾಲ್ಕು ಜಾಗಗಳನ್ನು ಆರಿಸಿಕೊಂಡರು. ಅಲ್ಲಿ ಡಿಎನ್‌ಎಯ ಚಿಕ್ಕ ತುಣುಕೊಂದು ಮತ್ತೆ ಮತ್ತೆ ಬರುತ್ತದೆ. ಎಷ್ಟು ಸಲ ಬರುತ್ತದೆಂಬ ಎಣಿಕೆ ವಂಶದಿಂದ ವಂಶಕ್ಕೆ ಬೇರೆ. ನಾಲ್ಕು ಎಣಿಕೆಗಳನ್ನು ಸೇರಿಸಿದರೆ ಒಂದು ಸಹಿ ಸಿಗುತ್ತದೆ. ಮೂಲಪುರುಷರು ಹಲವರಾಗಿದ್ದರೆ ಸಹಿಗಳು ಚೆಲ್ಲಾಪಿಲ್ಲಿಯಾಗಿ ಹರಡಬೇಕು. ಹರಡಲಿಲ್ಲ. 48 ಜನರಲ್ಲಿ 21 ಜನರದ್ದು ಒಂದೇ ಸಹಿ.

ಉಳಿದದ್ದು ಹಳೆಯ ಸಂಶಯ: ಆ ಸಹಿ ಆ ಸೀಮೆಯಲ್ಲಿ ಎಲ್ಲರಿಗೂ ಇರುವುದೇ ಇರಬಹುದಲ್ಲ? ಅದೇ ಪ್ರದೇಶದ, ಬೇರೆ ಹೆಸರಿನ ಗಂಡಸರನ್ನು ಪರೀಕ್ಷಿಸಿದರು. ಒಬ್ಬರಲ್ಲೂ ಇಲ್ಲ. ಬ್ರಿಟನ್ನಿನ ಬೇರೆಡೆಯ ಮಾದರಿಗಳಲ್ಲಿ ಹುಡುಕಿದರು. ಅಲ್ಲೂ ಇಲ್ಲ. ಆ ಸಹಿ ಸೈಕ್ಸ್‌ಗಳ ಸ್ವಂತ ಆಸ್ತಿಯಾಗಿತ್ತು. 2000ನೇ ಇಸವಿಯಲ್ಲಿ ಅಮೆರಿಕದ ಮಾನವ ತಳಿವಿಜ್ಞಾನ ಪತ್ರಿಕೆಯಲ್ಲಿ ಪ್ರಬಂಧ ಪ್ರಕಟವಾಯಿತು.

ಹಾಗಾದರೆ ಉಳಿದ 27 ಜನ? ಅವರ ಸಹಿಗಳು ಸುತ್ತಮುತ್ತಲಿನ ಜನರ ಸಹಿಗಳಂತೆಯೇ ಬಗೆಬಗೆಯಾಗಿದ್ದವು. ದತ್ತು ಬಂದ ಮಗ, ತಾಯಿಯ ಹೆಸರನ್ನೇ ಉಳಿಸಿಕೊಂಡ ಮಗ, ಗಂಡನಲ್ಲದವನಿಂದ ಹುಟ್ಟಿದ ಮಗ ಇವರಲ್ಲಿ ಹೆಸರು ಮುಂದುವರಿಯುತ್ತದೆ, ವರ್ಣತಂತು ಬೇರೆಯಾಗುತ್ತದೆ. ತಲೆಮಾರಿಗೆ ಸರಾಸರಿ ಶೇ. 1.3ರಷ್ಟು ಇಂಥ ಬದಲಾವಣೆ ಏಳು ನೂರು ವರ್ಷ ಸೇರುತ್ತ ಬಂದಿರಬಹುದೆಂದು ಲೇಖಕರು ಅಂದಾಜಿಸಿದರು. ಹಳ್ಳಗಳು ಅಷ್ಟೊಂದಿದ್ದರೂ ಮೂಲಪುರುಷ ಒಬ್ಬನೇ ಹೇಗಾದ ಎಂಬುದಕ್ಕೂ ವಿವರಣೆ ಇಲ್ಲದಿಲ್ಲ. ಆರಂಭದಲ್ಲಿ ಹಲವು ಸೈಕ್ಸ್‌ಗಳೇ ಇದ್ದಿರಬಹುದು. ಗಂಡುಮಕ್ಕಳಿಲ್ಲದ ಮನೆಯಲ್ಲಿ ಹೆಸರು ನಿಲ್ಲುತ್ತದೆ. 1348–49ರ ಮಹಾಮಾರಿ ಪ್ಲೇಗು ಮನೆ ಮನೆಗಳನ್ನೇ ಬರಿದು ಮಾಡಿತ್ತು. ಆಕಸ್ಮಿಕಗಳ ಆ ಸಾಲಿನಲ್ಲಿ ಒಬ್ಬನ ಗಂಡುಸಂತಾನ ಉಳಿದು ಬೆಳೆಯಿತು.

ಆಮೇಲೆ ಲೆಸ್ಟರ್ ವಿಶ್ವವಿದ್ಯಾಲಯದ ಟ್ಯೂರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ 40 ಅಡ್ಡಹೆಸರುಗಳ 1,678 ಗಂಡಸರನ್ನು ಪರೀಕ್ಷಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಮ್ಮಾರಿಕೆಯಿಂದ ಬಂದ ಸ್ಮಿತ್ ಎಂಬ ಹೆಸರಿನವರು ಒಬ್ಬರಿಗೊಬ್ಬರು ಅಪರಿಚಿತರಂತೆಯೇ ಕಂಡರು. ಅಪರೂಪದ ಆಟನ್‌ಬರೊ ಹೆಸರಿನವರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಒಂದೇ ವಂಶದವರಾಗಿದ್ದರು.