ಕಪಾಟಿನಲ್ಲಿ ಇಲ್ಲದ ಕಥೆ

ಅಮೆರಿಕದ ಅನೇಕ ಪ್ರಾಥಮಿಕ ಶಾಲೆಗಳಲ್ಲಿ ಸೆಪ್ಟೆಂಬರ್ 15 ಬಂತೆಂದರೆ ತರಗತಿಯ ಗೋಡೆಗಳಿಗೆ ಹೊಸ ಕಳೆ ಬರುತ್ತದೆ. ಚಿತ್ತಾರವಾಗಿ ಕತ್ತರಿಸಿದ ಬಣ್ಣದ ಕಾಗದದ ತೋರಣಗಳು ತೂಗಾಡುತ್ತವೆ. ಹಲವು ದೇಶಗಳ ಬಾವುಟಗಳು ಸಾಲಾಗಿ ನಿಲ್ಲುತ್ತವೆ. ಐದಾರು ವರ್ಷದ ಪುಟಾಣಿಗಳು ‘ಊನೊ, ದೊಸ್, ತ್ರೆಸ್’ ಎಂದು ಸ್ಪ್ಯಾನಿಷ್‌ನಲ್ಲಿ ಒಂದು, ಎರಡು, ಮೂರು ಎಣಿಸತೊಡಗುತ್ತಾರೆ. ಅಂದಿನಿಂದ ಅಕ್ಟೋಬರ್ 15ರವರೆಗೆ ಅಲ್ಲಿ ‘ಹಿಸ್ಪಾನಿಕ್ ಪರಂಪರೆಯ ತಿಂಗಳು’.

ಒಂದನೇ ತಾರೀಖು ಬಿಟ್ಟು 15ಕ್ಕೇ ಏಕೆ ಶುರು? ಕಾರಣವಿದೆ. 1821ರ ಸೆಪ್ಟೆಂಬರ್ 15ರಂದು ಗ್ವಾಟೆಮಾಲಾ, ಎಲ್ ಸಾಲ್ವಡಾರ್, ಹೊಂಡುರಾಸ್, ನಿಕರಾಗುವಾ ಮತ್ತು ಕೋಸ್ಟರಿಕಾ ಸ್ಪೇನಿನ ಆಳ್ವಿಕೆಯಿಂದ ಬಿಡುಗಡೆ ಘೋಷಿಸಿಕೊಂಡವು. ಮೆಕ್ಸಿಕೊದ ಸ್ವಾತಂತ್ರ್ಯ ದಿನ 16ಕ್ಕೆ, ಚಿಲಿಯ ರಾಷ್ಟ್ರೀಯ ದಿನ 18ಕ್ಕೆ. 1968ರಲ್ಲಿ ಒಂದು ವಾರದ ಆಚರಣೆಯಾಗಿ ಆರಂಭವಾದುದನ್ನು 1988ರಲ್ಲಿ ಒಂದು ತಿಂಗಳಿಗೆ ವಿಸ್ತರಿಸಲಾಯಿತು. 2020ರ ಜನಗಣತಿಯ ಪ್ರಕಾರ ಅಮೆರಿಕದಲ್ಲಿ ಹಿಸ್ಪಾನಿಕ್ ಮೂಲದವರು 6 ಕೋಟಿ 21 ಲಕ್ಷ. ಅಂದರೆ ನೂರಕ್ಕೆ ಸುಮಾರು 19 ಮಂದಿ.

ಎಲ್ಲರಿಗೂ ಒಂದೇ ಟೊಪ್ಪಿಗೆಯೆ?

ಇಷ್ಟೊಂದು ಜನರ ಪರಂಪರೆಯನ್ನು ಎಳೆಯ ಮಕ್ಕಳಿಗೆ ತಿಳಿಸುವುದು ಹೇಗೆ? ಸುಲಭದ ದಾರಿಯೊಂದಿದೆ: ತಲೆಗೊಂದು ಅಗಲ ಅಂಚಿನ ಟೊಪ್ಪಿಗೆ, ಮೂಗಿನ ಕೆಳಗೆ ಕಾಗದದ ಮೀಸೆ, ತಿನ್ನಲು ಒಂದು ಟಾಕೊ. ಫೋಟೊ ತೆಗೆಸಿಕೊಂಡರೆ ಹಬ್ಬ ಮುಗಿಯಿತು!

ಆದರೆ ಆ ಟೊಪ್ಪಿಗೆ ಮೆಕ್ಸಿಕೊದ್ದು. ಕ್ಯೂಬಾದವರು, ಪೋರ್ಟೊರಿಕೊದವರು, ಪೆರುವಿನವರು ಬೇರೆ ಬೇರೆ ಉಡುಗೆ, ಅಡುಗೆ, ಹಾಡು–ಕುಣಿತ ಉಳ್ಳವರು. ವಿಂಧ್ಯದ ಈಚೆಗಿರುವ ನಮ್ಮೆಲ್ಲರನ್ನೂ ಒಂದೇ ಮಾತಿನಲ್ಲಿ ‘ಮದ್ರಾಸಿ’ ಎಂದು ಕರೆದರೆ ನಮಗೆ ಎಷ್ಟು ಕಸಿವಿಸಿಯಾಗುತ್ತದೆ ಎಂಬುದನ್ನು ನೆನೆದರೆ ಈ ಮಾತು ಅರ್ಥವಾದೀತು. ಮಗುವಿಗೆ ಇಪ್ಪತ್ತು ದೇಶಗಳನ್ನೂ ಪರಿಚಯಿಸಬೇಕಿಲ್ಲ. ಪಕ್ಕದ ಬೆಂಚಿನ ಗೆಳತಿಯ ಅಜ್ಜಿಯ ಊರು ಯಾವುದು, ಆ ಅಜ್ಜಿ ಯಾವ ಕಥೆ ಹೇಳುತ್ತಿದ್ದಳು ಎಂಬಲ್ಲಿಂದ ಆರಂಭಿಸಿದರೆ ಸಾಕು.

ಬಾಗಿಲಾಚೆ ನಿಂತ ಮಕ್ಕಳು

ಈ ಆಚರಣೆಯ ಹಿಂದೆ ನೋವಿನ ಇತಿಹಾಸವೂ ಇದೆ. 1940ರ ದಶಕದಲ್ಲಿ ಕ್ಯಾಲಿಫೋರ್ನಿಯದ ವೆಸ್ಟ್‌ಮಿನ್‌ಸ್ಟರ್ ಎಂಬಲ್ಲಿ ಸಿಲ್ವಿಯಾ ಮೆಂಡೆಸ್ ಎಂಬ ಬಾಲಕಿಯನ್ನೂ ಅವಳ ತಮ್ಮಂದಿರನ್ನೂ ಅವರ ಸೋದರತ್ತೆ ಶಾಲೆಗೆ ಸೇರಿಸಲು ಕರೆದೊಯ್ದರು. ಬಿಳಿ ಮೈಬಣ್ಣದ, ಫ್ರೆಂಚ್ ಧಾಟಿಯ ಅಡ್ಡಹೆಸರಿನ ಅತ್ತೆಯ ಮಕ್ಕಳಿಗೆ ಸೀಟು ಸಿಕ್ಕಿತು. ಕಪ್ಪುಮೈಯ ಮೆಂಡೆಸ್ ಮಕ್ಕಳಿಗೆ ‘ಮೆಕ್ಸಿಕನ್ನರ ಶಾಲೆ’ಯ ದಾರಿ ತೋರಿಸಲಾಯಿತು. ಇನ್ನೂ ನಾಲ್ಕು ಕುಟುಂಬಗಳನ್ನು ಜೊತೆ ಮಾಡಿಕೊಂಡು ತಂದೆ ಗೊನ್ಸಾಲೊ ಮೆಂಡೆಸ್ 1945ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. 1946ರಲ್ಲಿ ಗೆದ್ದರು, ಮರುವರ್ಷ ಮೇಲ್ಮನವಿಯಲ್ಲೂ ಗೆಲುವು ಅವರದೇ ಆಯಿತು. ಅದೇ ಸಿಲ್ವಿಯಾ 2011ರಲ್ಲಿ ಅಮೆರಿಕದ ಅಧ್ಯಕ್ಷರಿಂದ ಸ್ವಾತಂತ್ರ್ಯ ಪದಕ ಪಡೆದರು.

ವಾರದ ಆಚರಣೆಗೆ 1968ರಲ್ಲಿ ಸಹಿ ಹಾಕಿದ ಅಧ್ಯಕ್ಷ ಲಿಂಡನ್ ಜಾನ್ಸನ್ ಒಂದು ಕಾಲಕ್ಕೆ ಶಾಲಾ ಮೇಷ್ಟ್ರಾಗಿದ್ದವರು. 1928ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಟೆಕ್ಸಾಸ್‌ನ ಕೊಟುಲ್ಲಾ ಎಂಬ ಪುಟ್ಟ ಊರಿನ ಮೆಕ್ಸಿಕನ್ ಮಕ್ಕಳ ಶಾಲೆಯಲ್ಲಿ ಅವರು ಪಾಠ ಹೇಳಿದರು. ಶಾಲೆಯಲ್ಲಿ ಇಂಗ್ಲಿಷನ್ನೇ ಆಡಬೇಕೆಂಬ ಕಟ್ಟುನಿಟ್ಟು ಅವರದೂ ಆಗಿತ್ತು. ತಿಂಡಿಯಿಲ್ಲದೆ ಹಸಿದು ಬರುತ್ತಿದ್ದ ಆ ಮಕ್ಕಳನ್ನು ಅವರು 1965ರಲ್ಲಿ ಅಮೆರಿಕದ ಸಂಸತ್ತಿನ ಮುಂದೆ ನೆನೆದರು. 1968ರಲ್ಲಿ ದ್ವಿಭಾಷಾ ಶಿಕ್ಷಣ ಕಾಯಿದೆಗೂ ಅವರೇ ಅಂಕಿತ ಹಾಕಿದರು.

ಜಿರಳೆಯ ಮದುವೆ

ಕಾನೂನು ಬಾಗಿಲು ತೆರೆಯಬಲ್ಲದು. ಒಳಗೆ ಬಂದ ಮಗುವಿಗೆ ‘ಇದು ನನ್ನದೂ ಹೌದು’ ಅನ್ನಿಸುವುದು ಕಥೆಯಿಂದ. ಇದನ್ನು ಬಹಳ ಮೊದಲೇ ಕಂಡುಕೊಂಡವರು ಪೂರಾ ಬೆಲ್ಪ್ರೆ. ಪೋರ್ಟೊರಿಕೊ ದ್ವೀಪದಲ್ಲಿ ಹುಟ್ಟಿದ ಈಕೆ 1921ರಲ್ಲಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿನ ಮೊದಲ ಪೋರ್ಟೊರಿಕನ್ ಗ್ರಂಥಪಾಲಕಿ ಅವರೇ. ಲೋಕದ ನಾನಾ ಜನಪದ ಕಥೆಗಳು ಕಪಾಟಿನಲ್ಲಿದ್ದವು. ತಾವು ಬಾಲ್ಯದಲ್ಲಿ ಕೇಳಿದ ಒಂದು ಕಥೆಯೂ ಇರಲಿಲ್ಲ.

ಬೆಲ್ಪ್ರೆ ಕೊರಗುತ್ತ ಕೂರಲಿಲ್ಲ, ಬರೆದರು. 1932ರಲ್ಲಿ ‘ಪೆರೆಸ್ ಮತ್ತು ಮಾರ್ತಿನಾ’ ಪುಸ್ತಕ ಹೊರಬಂತು. ಮಾರ್ತಿನಾ ಎಂಬ ಒಯ್ಯಾರದ ಜಿರಳೆಯನ್ನು ವರಿಸಲು ಪ್ರಾಣಿಗಳು ಒಂದೊಂದಾಗಿ ಬರುತ್ತವೆ. ನನ್ನೊಡನೆ ಹೇಗೆ ಮಾತಾಡುವೆ ಎಂದು ಅವಳು ಕೇಳಿದಾಗ ಪ್ರತಿಯೊಂದೂ ತನ್ನ ದನಿ ತೆಗೆಯುತ್ತದೆ. ಕೊನೆಗೆ ಅವಳ ಮನ ಗೆದ್ದವನು ಪೆರೆಸ್ ಎಂಬ ಇಲಿ. ನಮ್ಮ ಗುಬ್ಬಕ್ಕ–ಕಾಗಕ್ಕನ ಕಥೆಯಂತೆ ಇದೂ ಕೂತು ಕೇಳುವುದಕ್ಕಿಂತ ಕೂಗಿ ಆಡುವುದಕ್ಕೇ ಹೇಳಿ ಮಾಡಿಸಿದ್ದು. ಬೆಲ್ಪ್ರೆ ಗೊಂಬೆಗಳನ್ನು ಆಡಿಸುತ್ತ, ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಕಥೆ ಹೇಳಿದರು. ಜನವರಿ 6ರ ‘ಮೂವರು ರಾಜರ ಹಬ್ಬ’ವನ್ನು ಗ್ರಂಥಾಲಯದೊಳಕ್ಕೇ ತಂದರು. ಇಂಗ್ಲಿಷ್ ಬಾರದ ತಾಯಂದಿರೂ ಮಕ್ಕಳ ಕೈಹಿಡಿದು ಒಳಬರುವಂತಾಯಿತು. 1982ರಲ್ಲಿ ತೀರಿಕೊಂಡ ಅವರ ಹೆಸರಿನಲ್ಲಿ 1996ರಿಂದ ಮಕ್ಕಳ ಸಾಹಿತ್ಯಕ್ಕೆ ಪ್ರಶಸ್ತಿ ಕೊಡಲಾಗುತ್ತಿದೆ.

ಜೋಳ, ಸುಣ್ಣ ಮತ್ತು ಬಟಾಟೆ

ವಿಜ್ಞಾನದ ಮೇಷ್ಟ್ರಾದ ನನಗೆ ಇನ್ನೊಂದು ದಾರಿಯೂ ಪ್ರಿಯವಾದದ್ದು. ಅದು ಅಡುಗೆಮನೆಯ ದಾರಿ. ಮೆಕ್ಸಿಕೊದ ತಾಯಂದಿರು ಮುಸುಕಿನ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ರುಬ್ಬಿ, ‘ತೋರ್ತಿಯ’ ಎಂಬ ರೊಟ್ಟಿ ತಟ್ಟುತ್ತಾರೆ. ಸುಣ್ಣವೇಕೆ? ಜೋಳದಲ್ಲಿರುವ ನಯಾಸಿನ್ ಎಂಬ ವಿಟಮಿನ್ ನಮ್ಮ ಮೈಗೆ ದಕ್ಕದಂತೆ ಬಿಗಿದುಕೊಂಡಿರುತ್ತದೆ. ಸುಣ್ಣ ಅದನ್ನು ಬಿಡಿಸುತ್ತದೆ. ಈ ಜಾಣ್ಮೆಯನ್ನು ಅಲ್ಲೇ ಬಿಟ್ಟು ಜೋಳವನ್ನಷ್ಟೇ ಒಯ್ದ ಯುರೋಪಿನಲ್ಲಿ, ಅದನ್ನೇ ನೆಚ್ಚಿಕೊಂಡ ಬಡವರನ್ನು ಪೆಲ್ಲಾಗ್ರ ರೋಗ ಕಾಡಿತು. ಇಷ್ಟೆಲ್ಲ ರಸಾಯನಶಾಸ್ತ್ರ ಪುಟ್ಟ ಮಕ್ಕಳಿಗೆ ಬೇಡ, ಸುಣ್ಣವನ್ನಂತೂ ಅವರ ಕೈಗೆ ಕೊಡಲೇಬಾರದು. ಸಿದ್ಧ ಹಿಟ್ಟನ್ನು ಕಲಸಿ ಉಂಡೆ ಮಾಡಿ ತಟ್ಟಲು ಬಿಟ್ಟರೆ ಸಾಕು. ‘ಇದನ್ನು ಕಂಡುಹಿಡಿದವರು ಯಾರು?’ ಎಂದು ಮಗು ಕೇಳಿದಾಗ ‘ನಿನ್ನ ಗೆಳೆಯನ ಅಜ್ಜಿಯ ಅಜ್ಜಿಯರು’ ಎಂದು ಹೇಳಬಹುದು. ಆ ಗೆಳೆಯನ ಮುಖ ಅರಳುವುದನ್ನು ಆಗ ನೋಡಬೇಕು.

ಅದೇ ತರಗತಿಗಳಲ್ಲಿ ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳೂ ಕೂತಿರುತ್ತಾರೆ. ಅವರೂ ಹೇಳಲಿಕ್ಕೆ ಒಂದು ಮಾತಿದೆ. ನಮ್ಮ ಕರಾವಳಿಯವರು ಆಲೂಗೆಡ್ಡೆಗೆ ‘ಬಟಾಟೆ’ ಎನ್ನುತ್ತಾರಲ್ಲ, ಆ ಶಬ್ದ ಬೆಲ್ಪ್ರೆಯವರ ಕೆರಿಬಿಯನ್ ದ್ವೀಪಗಳ ಮೂಲನಿವಾಸಿ ತೈನೊ ಜನರದು. ಅವರು ಗೆಣಸಿಗೆ ಇಟ್ಟ ಹೆಸರು ಸ್ಪ್ಯಾನಿಷರ, ಪೋರ್ಚುಗೀಸರ ನಾಲಿಗೆಯ ಮೇಲೆ ಸಮುದ್ರ ದಾಟಿ ನಮ್ಮ ಕರಾವಳಿಗೆ ಬಂದಿಳಿಯಿತು. ಹಬ್ಬಕ್ಕೆ ನಾವು ಮಾಲೆ ಕಟ್ಟುವ ಚೆಂಡುಹೂವಿನ ತವರೂ ಮೆಕ್ಸಿಕೊ. ನವೆಂಬರ್ 1 ಮತ್ತು 2ರಂದು ತೀರಿಕೊಂಡ ಹಿರಿಯರನ್ನು ನೆನೆಯುವಾಗ ಅಲ್ಲಿನವರು ಹರಡುವುದೂ ಈ ಹೂವನ್ನೇ.

ಅಕ್ಟೋಬರ್ 16ರ ಬೆಳಿಗ್ಗೆ ಬಾವುಟಗಳನ್ನು ಮಡಿಚಿಡುತ್ತಾರೆ, ತೋರಣಗಳನ್ನು ಇಳಿಸುತ್ತಾರೆ. ಆಚರಣೆಯ ಪರೀಕ್ಷೆ ಇರುವುದು ಆ ದಿನವೇ. ಜಿರಳೆ ಮಾರ್ತಿನಾಳ ಪುಸ್ತಕ ಮಗುವಿನ ಕೈಗೆಟುಕುವ ಕಪಾಟಿನಲ್ಲಿ ಇನ್ನೂ ಇದೆಯೆ? ಮನೆಮಾತಿನಲ್ಲಿ ‘ಅಜ್ಜಿ’ ಎನ್ನಲು ಮಗುವಿಗೆ ಇನ್ನೂ ಧೈರ್ಯವಿದೆಯೆ? ಇದ್ದರೆ, ಆ ತಿಂಗಳು ಸಾರ್ಥಕವಾಯಿತೆಂದೇ ಲೆಕ್ಕ.