ಮನೆಯ ಕೀಲಿಯೂ ದೂರದ ಮೇಘವೂ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸೀಮೆಯವರಾದ ನಮಗೆ ಮೇಘವೆಂದೊಡನೆ ನೆನಪಾಗುವುದು ಮಳೆ ಮತ್ತು ಕೆರೆ. ಈಗ ಇನ್ನೊಂದು ಬಗೆಯ ಮೇಘವು ನಮ್ಮ ಮನೆಗಳನ್ನು ಪ್ರವೇಶಿಸಿದೆ. ಅದಕ್ಕೆ ‘ಕ್ಲೌಡ್’ ಎಂದು ಹೆಸರು. ಅದು ಆಕಾಶದಲ್ಲಿರುವುದಲ್ಲ, ದೂರದ ಯಾವುದೋ ಊರಿನ ಕಟ್ಟಡದಲ್ಲಿ, ಒಂದು ಕಂಪೆನಿಯ ವಶದಲ್ಲಿರುವ ಕಂಪ್ಯೂಟರುಗಳ ಸಮೂಹವೇ ಅದು.

ಮಾವಿನ ತೋಪಿನ ಕಾವಲಿಗಿಟ್ಟ ಕ್ಯಾಮರಾವು ತಾನು ಕಂಡುದನ್ನು ಇಂಟರ್‌ನೆಟ್ಟಿನ ಮೂಲಕ ಆ ಯಂತ್ರಗಳಿಗೆ ಕಳುಹಿಸುವುದು. ಯಜಮಾನನು ಬೆಂಗಳೂರಿನಲ್ಲಿದ್ದರೂ ತನ್ನ ಫೋನಿನಲ್ಲಿ ಅದನ್ನು ನೋಡಬಹುದು. ಇದು ದೊಡ್ಡ ಅನುಕೂಲವೇ ಸರಿ. ಆದರೆ ಯಜಮಾನನು ನೋಡುವ ಬಾಗಿಲಿನಿಂದಲೇ, ಕೀಲಿ ದೊರೆತರೆ, ಪರರೂ ನೋಡಬಲ್ಲರು. ಆ ಕೀಲಿಯೇ ಪಾಸ್‌ವರ್ಡ್ ಎಂಬ ಗುಪ್ತಪದ.

2016ರಲ್ಲಿ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶವು ಲಕ್ಷಾಂತರ ಕ್ಯಾಮರಾ ಮೊದಲಾದ ಯಂತ್ರಗಳನ್ನು ವಶಪಡಿಸಿಕೊಂಡಿತು. ಕಾರ್ಖಾನೆಯಲ್ಲಿ ಕೊಟ್ಟಿದ್ದ ಗುಪ್ತಪದವನ್ನು ಕೊಂಡವರು ಬದಲಿಸದೆ ಬಿಟ್ಟುದೇ ಇದಕ್ಕೆ ಕಾರಣ. 2025ರ ಫೆಬ್ರವರಿಯಲ್ಲಿ ಗುಜರಾತಿನ ರಾಜಕೋಟೆಯ ಒಂದು ಹೆರಿಗೆ ಆಸ್ಪತ್ರೆಯ ಕ್ಯಾಮರಾದಿಂದ ಸ್ತ್ರೀರೋಗಿಗಳ ಚಿತ್ರಗಳು ಕಳುವಾಗಿ ಹೊರಗೆ ಹರಡಿದ ವಾರ್ತೆಯನ್ನು ಕೇಳಿ ಯಾವ ಹೆಣ್ಣುಮಗಳ ಮನಸ್ಸು ನೋಯದಿದ್ದೀತು? ಕಾವಲಿಗೆಂದು ಇಟ್ಟ ಕಣ್ಣೇ ಕಳ್ಳನ ಕಣ್ಣಾಯಿತು.

ಆದುದರಿಂದ ನಾವು ಆಚರಿಸತಕ್ಕ ನಿಯಮಗಳು ಕೆಲವುಂಟು. ಮೊದಲನೆಯದಾಗಿ, ಯಂತ್ರವನ್ನು ತಂದ ದಿನವೇ ಅದರ ಗುಪ್ತಪದವನ್ನು ಬದಲಿಸಬೇಕು. ಹೊಸದು ಉದ್ದವಾಗಿರಬೇಕು, ಬೇರೆಲ್ಲಿಯೂ ಬಳಸದ್ದಾಗಿರಬೇಕು. ಎರಡನೆಯದಾಗಿ, ಫೋನಿಗೆ ಬರುವ ಓಟಿಪಿಯನ್ನು ಎಂತಹ ನಂಬಿಕೆಯ ಮಾತಿಗೂ ಒಪ್ಪಿಸಕೂಡದು. ಮೂರನೆಯದಾಗಿ, ತಯಾರಕರು ಕಳುಹಿಸುವ ತಿದ್ದುಪಡಿಗಳನ್ನು ತಡಮಾಡದೆ ಹಾಕಿಕೊಳ್ಳಬೇಕು. ನಾಲ್ಕನೆಯದಾಗಿ, ಹಳೆಯ ಯಂತ್ರವನ್ನು ಮಾರುವ ಮುನ್ನ ಅದರಲ್ಲಿರುವುದನ್ನೆಲ್ಲ ಅಳಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಮಲಗುವ ಕೋಣೆಯಲ್ಲಿ ಕ್ಯಾಮರಾ ಇಡಲೇಬಾರದು. ತೆಗೆಯದೆ ಇದ್ದ ಚಿತ್ರವನ್ನು ಕದಿಯುವವರಿಲ್ಲ.

ಇದು ಬರಿಯ ಎಚ್ಚರಿಕೆಯ ಮಾತಲ್ಲ. ನಮ್ಮ ಹಕ್ಕಿನ ಮಾತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಹೂಡಿದ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟಿನ 9 ಮಂದಿ ನ್ಯಾಯಾಧೀಶರು 2017ರ ಆಗಸ್ಟ್ 24ರಂದು, ಖಾಸಗಿತನವು ಮೂಲಭೂತ ಹಕ್ಕೆಂದು ಏಕಾಭಿಪ್ರಾಯದಿಂದ ತೀರ್ಪಿತ್ತರು. 18 ವರ್ಷ ತುಂಬದವರ ವಿವರಗಳನ್ನು ಬಳಸಲು ತಂದೆತಾಯಿಗಳ ಒಪ್ಪಿಗೆ ಬೇಕೆಂಬ ವಿಧಿಯು 2023ರ ದತ್ತಾಂಶ ಸಂರಕ್ಷಣಾ ಶಾಸನದಲ್ಲಿ ಉಂಟು.

ನಮ್ಮ ಜಿಲ್ಲೆಯ ನರಸಾಪುರದ ಕಾರ್ಖಾನೆಯಲ್ಲಿ ಐಫೋನುಗಳನ್ನು ಜೋಡಿಸುವವರಲ್ಲಿ ಹೆಣ್ಣುಮಕ್ಕಳೂ ಅನೇಕರು. ಲೋಕಕ್ಕೆ ಇಂತಹ ಯಂತ್ರಗಳನ್ನು ಸಿದ್ಧಮಾಡಿಕೊಡುವ ಸೀಮೆಯ ವಿದ್ಯಾರ್ಥಿನಿಯರು ಅವುಗಳ ಕೀಲಿಯನ್ನು ಕಾಪಾಡುವುದರಲ್ಲಿ ಹಿಂದೆ ಬೀಳಬಾರದು. ಈ ಸಂಜೆ ಮನೆಗೆ ಹೋದೊಡನೆ ಪ್ರತಿಯೊಬ್ಬಳೂ ಒಂದು ಗುಪ್ತಪದವನ್ನಾದರೂ ಬದಲಿಸಿದರೆ ನಮ್ಮ ಈ ಬರಹವು ಸಾರ್ಥಕವಾಗುವುದು.